ಖಣಿಯ ನೀರು ಒಳಗೆ, ವಸ್ತಿ ಹೊರಗೆ

ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಗಳ ನಡುವೆ ಗಡಿ ಗುರುತಿಸುವ ಕೆಲಸ ನನ್ನ ಮೇಜಿಗೆ ಬಂದಾಗ ಬೇಸಿಗೆ ಇನ್ನೂ ಪೂರ್ತಿ ಏರಿರಲಿಲ್ಲ. ನಾನು ಯೋಜನಾ ಕಚೇರಿಯೊಂದರಲ್ಲಿ ಸಹಾಯಕ ಯೋಜಕಿ. ಮನೆ ಸೇಡಂನಲ್ಲಿ. ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದು ಚಿತ್ತಾಪುರದಲ್ಲಿ ಇಳಿದು, ಅಲ್ಲಿಂದ ಕಚೇರಿಯ ಜೀಪಿನಲ್ಲಿ ಖಣಿಗಳ ಕಡೆ ಹೋಗಬೇಕಿತ್ತು.

ಯೋಜನೆ ಹೇಳಲಿಕ್ಕೆ ಸರಳವಾಗಿತ್ತು. ಚಿತ್ತಾಪುರ ಮತ್ತು ಶಹಾಬಾದ್ ನಡುವಿನ ಕೆಲವು ಹಳ್ಳಿಗಳ ಸೀಮೆಯಲ್ಲಿ ಖಣಿಗಳೂ ಕಲ್ಲು ಪಾಲಿಶ್ ಮಾಡುವ ಘಟಕಗಳೂ ಇರುವಷ್ಟು ಜಾಗಕ್ಕೆ ಒಂದು ಗಡಿ ಹಾಕಿ, ಅದನ್ನು ವಿಶೇಷ ಮೂಲಸೌಕರ್ಯ ವಲಯ ಎಂದು ಘೋಷಿಸುವುದು. ಗಡಿಯೊಳಗಿನ ಮಾಲೀಕರು ಮಾಮೂಲಿ ತೆರಿಗೆಯ ಜೊತೆ ಒಂದು ವಿಶೇಷ ಕರ ಕಟ್ಟಬೇಕು. ಆ ಹಣ ಬೇರೆಲ್ಲೂ ಹೋಗುವುದಿಲ್ಲ. ಸ್ಥಳೀಯ ಸಮಿತಿಯ ಕೈಯಲ್ಲಿದ್ದು ಗಡಿಯೊಳಗೇ ಖರ್ಚಾಗಬೇಕು. ರಸ್ತೆ, ಕಾಗಿಣಾ ನದಿಯಿಂದ ನೀರಿನ ಕೊಳವೆ, ಪಾಲಿಶ್ ಘಟಕಗಳಿಂದ ಹರಿಯುವ ಬಿಳಿ ರಾಡಿಯನ್ನು ಹಾಕಲು ಒಂದು ಜಾಗ, ಬಿಟ್ಟುಹೋದ ಖಣಿಗಳಿಗೆ ರಕ್ಷಣೆ. ಅಧಿಸೂಚನೆ ಹೊರಡಬೇಕಾದರೆ ಗಡಿಯೊಳಗಿನ ಜಮೀನಿನ ಹೆಚ್ಚಿನ ಪಾಲಿನ ಮಾಲೀಕರು ಒಪ್ಪಿಗೆ ಕೊಡಬೇಕು, ಗ್ರಾಮ ಸಭೆಗಳು ಠರಾವು ಮಾಡಬೇಕು, ಕೊನೆಗೆ ನಾನು ಸ್ಥಳ ನೋಡಿ ನಕ್ಷೆಯ ಕೆಳಗೆ ಸಹಿ ಮಾಡಬೇಕು. ಈ ಗಡಿಯಿಂದ ಯಾರ ಜೀವನಾವಶ್ಯಕ ಸೌಲಭ್ಯಕ್ಕೂ ಧಕ್ಕೆಯಿಲ್ಲ ಎಂಬ ಒಂದು ಸಾಲು ಆ ಸಹಿಯ ಮೇಲಿರುತ್ತದೆ.

ನನ್ನ ಜೊತೆ ಅಳತೆಗೆ ಬರುತ್ತಿದ್ದವರು ತಾಲೂಕಿನ ಹಿರಿಯ ಭೂಮಾಪಕರು. ಚಿತ್ತಾಪುರದವರೇ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರು ಮಂದಿಯ ಎದುರಿಗೆ ನನ್ನನ್ನು ಮೇಡಂ ಎಂದೂ ಜೀಪಿನಲ್ಲಿ ಬೇಟಿ ಎಂದೂ ಕರೆಯುತ್ತಿದ್ದರು.

ಸೀಮೆಯ ನಡುವೆ ಒಂದು ಹಳೆಯ ಖಣಿ ಇತ್ತು. ಕಲ್ಲು ತೆಗೆದು ತೆಗೆದು ಬಿಟ್ಟುಹೋದದ್ದು. ಆಳದಲ್ಲಿ ವರ್ಷವಿಡೀ ಹಸಿರು ನೀರು. ಅದರ ಪಕ್ಕದ ಸರ್ಕಾರಿ ಗೈರಾಣದಲ್ಲಿ, ಅಂದರೆ ದನ ಮೇಯುವ ಜಮೀನಿನಲ್ಲಿ, ಕಲ್ಲು ಒಡೆಯುವವರ ವಸ್ತಿ. ಮಾರಾಟಕ್ಕೆ ಬಾರದ ಒಡಕು ಪರ್ಸಿಗಳನ್ನೇ ನಿಲ್ಲಿಸಿ ಗೋಡೆ, ಅವನ್ನೇ ಹೊದಿಸಿ ಸೂರು. ಪಂಚಾಯತಿಯ ಟ್ಯಾಂಕರ್ ಬಂದ ದಿನ ಬರುತ್ತಿತ್ತು, ಬಾರದ ದಿನ ಇಲ್ಲ. ಹೀಗಾಗಿ ಹೆಂಗಸರು ಕೊಡ ಹಿಡಿದು ಖಣಿಗೆ ಇಳಿಯುತ್ತಿದ್ದರು. ಇಳಿಯಲು ದಾರಿಯೆಂದು ಇರಲಿಲ್ಲ. ಒಂದು ಬದಿಯಲ್ಲಿ ಕುಸಿದ ಕಲ್ಲಿನ ಚೂರುಗಳ ಇಳಿಜಾರು, ಅಷ್ಟೇ.

ನಾವು ಎರಡನೇ ಸಲ ಅಳತೆಗೆ ಹೋದ ದಿನ ಖಣಿಯ ಸುತ್ತ ಜನ ಸೇರಿದ್ದರು. ನೀರಿಗೆ ಇಳಿದ ಹೆಣ್ಣುಮಗಳೊಬ್ಬಳು ಜಾರಿ ಬಿದ್ದಿದ್ದಳು. ಅಗ್ನಿಶಾಮಕದವರು ಬಂದು ಹಗ್ಗ ಬಿಟ್ಟು ಹುಡುಕುತ್ತಿದ್ದರು. ಪ್ಲಾಸ್ಟಿಕ್ ಕೊಡ ಮಾತ್ರ ನೀರಿನ ಮೇಲೆ ತೇಲುತ್ತ ಗೋಡೆಯಿಂದ ಗೋಡೆಗೆ ಸರಿಯುತ್ತಿತ್ತು. ಅವಳನ್ನು ಮೇಲಕ್ಕೆ ತಂದಾಗ ಮಧ್ಯಾಹ್ನವಾಗಿತ್ತು. ಅವಳ ಗಂಡ, ಪಕ್ಕದ ಖಣಿಯಲ್ಲಿ ಕಲ್ಲು ಒಡೆಯುವವನು, ಇಳಿಜಾರನ್ನೇ ನೋಡುತ್ತ ಕೂತಿದ್ದ. ಚಾಚಾ ಅವನ ಹೆಗಲ ಮೇಲೆ ಕೈಯಿಟ್ಟರು.

"ದಿನಾ ಇಳೀತಿದ್ಲ್ರಿ," ಎಂದ ಅವನು. "ಆಕಿಗಿ ಎಲ್ಲಾ ಕಲ್ಲೂ ಗೊತ್ತಿದ್ವು. ಯಾವ್ದೋ ಒಂದು ಸರದಿರ್ಬೇಕು."

ಆ ದಿನ ಅಳತೆ ಮಾಡಲಿಲ್ಲ. ಕಚೇರಿಗೆ ಹಿಂತಿರುಗಿ, ವಲಯದ ಕಾಮಗಾರಿಗಳಲ್ಲಿ ಆ ಖಣಿಯ ಸುತ್ತ ಬೇಲಿ ಹಾಕುವುದನ್ನು ಎಲ್ಲಕ್ಕಿಂತ ಮೊದಲಿಗೆ ತಂದೆ. ವಸ್ತಿಗೆ ನಲ್ಲಿಯ ಕೊಳವೆಯನ್ನು ಅದರ ಕೆಳಗೇ ಸೇರಿಸಿದೆ. ಮೊದಲ ನಕ್ಷೆಯಲ್ಲಿ ಖಣಿಯೂ ವಸ್ತಿಯೂ ಗಡಿಯ ಒಳಗಿದ್ದವು. ಆಗ ನನಗೆ ಅದರಲ್ಲಿ ತಕರಾರಿನ ವಿಷಯವೇ ಕಾಣಲಿಲ್ಲ.

ಮೊದಲ ತಕರಾರು ಬಂದದ್ದು ಹಳ್ಳಿಯಿಂದ. ಘಟಕಗಳೆಲ್ಲ ವಲಯಕ್ಕೆ ಹೋದರೆ ಪಂಚಾಯತಿಗೆ ಬರುವ ಕರ ಕಡಿಮೆಯಾಗುತ್ತದೆ ಎಂದು ಗ್ರಾಮ ಸಭೆಯಲ್ಲಿ ಗದ್ದಲವಾಯಿತು. ವಿಶೇಷ ಕರ ಹೊಸದು, ಹಳೆಯದು ಹಾಗೇ ಪಂಚಾಯತಿಗೇ ಎಂದು ನಾನು ಮೈಕಿನಲ್ಲಿ ಹೇಳಿದ್ದನ್ನೇ ಹೇಳಿದೆ, ಯಾರೂ ನಂಬಲಿಲ್ಲ. ಸಭೆ ಮುರಿಯುವ ಹೊತ್ತಿಗೆ ಪಂಚಾಯತಿಯ ಅಧ್ಯಕ್ಷೆ ಎದ್ದು ನಿಂತರು. ಬೀಡಿ ಅಂಗಡಿ ನಡೆಸುವ ಗಂಡ, ಹೊಲದ ಕೆಲಸ, ಇವುಗಳ ನಡುವೆಯೇ ಅಧ್ಯಕ್ಷಗಿರಿ ಮಾಡುತ್ತಿದ್ದ ಹೆಂಗಸು. ಮೈಕು ತೆಗೆದುಕೊಳ್ಳದೆ ಮಾತಾಡಿದರು.

"ಕರದ ಮಾತು ಆಮ್ಯಾಲ ಆಡ್ರಿ. ನಮ್ಮೂರ ರಸ್ತಾ ಯಾರ್ಯಾರು ನೋಡೀರಿ? ಕಲ್ಲಿನ ಲಾರಿ ಓಡಾಡಿ ಕೆರಿ ಅಂಗಳ ಆಗ್ಯಾದ. ಬಸರ ಹೆಣ್ಮಗಳಿಗಿ ಆಟೋದಾಗ ಕುಂದ್ರಿಸಿದ್ರ ದವಾಖಾನಿ ಮುಟ್ಟೋದ್ರಾಗ ಅರ್ಧ ಜೀವ ಹೋಗ್ತದ. ಬ್ಯಾರೆ ಯಾರರ ರಸ್ತಾ ಮಾಡ್ತೀವಂತ ಬಂದಾರೇನು? ಇವ್ರು ಬಂದಾರ. ಮಾಡ್ಲಿ ಬಿಡ್ರಿ."

ಠರಾವು ಪಾಸಾಯಿತು. ಹೊರಗೆ ಬರುವಾಗ ಅವರು ನನ್ನ ಕೈ ಹಿಡಿದು, "ಮಾತು ಕೊಟ್ಟೀನ್ರಿ ಮೇಡಂ ಊರಿಗಿ. ನನ್ನ ಮುಖ ಉಳಸ್ರಿ," ಎಂದರು.

ಮಾಲೀಕರ ಒಪ್ಪಿಗೆ ಪಡೆಯಲು ಬೇಸಿಗೆಯೆಲ್ಲ ಹೋಯಿತು. ಪಾಲಿಶ್ ಯಂತ್ರಗಳ ಸದ್ದಿನಲ್ಲಿ ಒಬ್ಬೊಬ್ಬರಿಗೂ ಕೂಗಿ ಕೂಗಿ ವಿವರಿಸಬೇಕಿತ್ತು. ಮನೆಗೆ ಹೋಗಿ ಮುಖ ತೊಳೆದರೆ ಬಿಳಿ ನೀರು ಇಳಿಯುತ್ತಿತ್ತು. ಕೆಲವರ ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿತ್ತು, ಕೆಲವರು ಲೀಸಿಗೆ ಕೊಟ್ಟು ಹೈದರಾಬಾದಿನಲ್ಲಿದ್ದರು. ಚಿಕ್ಕ ಘಟಕದವರು ದೊಡ್ಡವರ ಮುಖ ನೋಡುತ್ತಿದ್ದರು. ದೊಡ್ಡವರು ತಮ್ಮ ಸಂಘದ ಮುಖಂಡರ ಕಡೆ ಕೈ ತೋರಿಸುತ್ತಿದ್ದರು. ಆ ಮುಖಂಡರು ಸಭ್ಯ ಮನುಷ್ಯ. ಹೋದಾಗಲೆಲ್ಲ "ಬರ್ರಿ ಮೇಡಂ, ಕುಂದ್ರಿ" ಎಂದು ತಾವೇ ಕುರ್ಚಿ ಎಳೆದು, ಚಹಾ ತರಿಸಿ, ನಾನು ಕುಡಿದು ಮುಗಿಸುವ ತನಕ ಕೆಲಸದ ಮಾತು ಎತ್ತುತ್ತಿರಲಿಲ್ಲ. ಕೊನೆಗೆ ಅವರು ನಕ್ಷೆಯನ್ನು ಮೇಜಿನ ಮೇಲೆ ಹರಡಿ ವಸ್ತಿಯ ಮೇಲೆ ಬೆರಳಿಟ್ಟರು.

"ಇದೊಂದು ತೆಗೀರಿ. ಸಂಘದ ಎಲ್ಲಾರೂ ಸಹಿ ಮಾಡ್ತಾರ."

"ಯಾಕ್ರಿ?"

"ನಾವು ಕೊಡೂ ಕರ ನಮ್ಮ ಧಂದಾಕ್ಕ ಆಗ್ಬೇಕ್ರಿ. ವಸ್ತಿ ಒಳಗ ಬಂದ್ರ ಇವತ್ತು ನಲ್ಲಿ ಅಂತೀರಿ, ನಾಳಿ ಗಟಾರ ಅಂತೀರಿ, ನಾಡದ ಮನಿ ಅಂತೀರಿ. ಮಂದಿಗಿ ನೀರು ಕೊಡೂದು ಪಂಚಾಯತಿ ಕೆಲಸ. ನಾ ಸುಳ್ಳು ಮಾತಾಡ್ಲಿಕತ್ತೀನೇನು?"

ಸುಳ್ಳೇನೂ ಆಡುತ್ತಿರಲಿಲ್ಲ. ನೀರು ಕೊಡುವುದು ಪಂಚಾಯತಿಯ ಕೆಲಸವೇ. ಪಂಚಾಯತಿಯ ಹತ್ತಿರ ಏನೂ ಇರಲಿಲ್ಲ ಎಂಬುದೂ ನಮ್ಮಿಬ್ಬರಿಗೂ ಗೊತ್ತಿತ್ತು.

ವಿಷಯ ನಮ್ಮ ಕಚೇರಿಯ ಮುಖ್ಯಸ್ಥರ ತನಕ ಹೋಯಿತು. ಅವರು ಮೈಸೂರು ಕಡೆಯವರು, ದಡಬಡ ಮಾಡುವವರಲ್ಲ. ನನ್ನನ್ನು ಕೂರಿಸಿ ಸಮಾಧಾನವಾಗಿ ಹೇಳಿದರು: "ಮೊದಲು ವಲಯ ಹುಟ್ಟಲಿ. ಹುಟ್ಟದೇ ಇರೋ ವಲಯದಿಂದ ಯಾರಿಗೂ ನೀರು ಸಿಗಲ್ಲ. ವಸ್ತೀನ ಎರಡನೇ ಹಂತದಲ್ಲಿ ಸೇರಿಸೋಣ."

ನಾನು ಒಪ್ಪಿದೆ. ಒಪ್ಪಲು ಕಾರಣಗಳಿದ್ದವು. ಹಳ್ಳಿಗೆ ರಸ್ತೆ ಬರುತ್ತಿತ್ತು, ರಾಡಿ ಹೊಲಗಳಿಗೆ ನುಗ್ಗುವುದು ನಿಲ್ಲುತ್ತಿತ್ತು, ಆ ಖಣಿಗೆ ಬೇಲಿಯೂ ಬರುತ್ತಿತ್ತು. ಹೊಸ ನಕ್ಷೆಯಲ್ಲಿ ಗೆರೆ ವಸ್ತಿಯ ಹತ್ತಿರ ಬಂದು ಬಾಗಿ, ಅದನ್ನು ಹೊರಗೆ ಬಿಟ್ಟು ಮುಂದೆ ಹೋಯಿತು. ಖಣಿ ಮಾತ್ರ ಒಳಗೇ ಉಳಿಯಿತು. ನದಿಯ ಕೊಳವೆ ಬರುವ ತನಕ ಪಾಲಿಶ್ ಘಟಕಗಳಿಗೆ ಅದರ ನೀರು ಬೇಕಾಗಿತ್ತು.

ಹೊಸ ಗಡಿಯನ್ನು ನೆಲದ ಮೇಲೆ ಗುರುತಿಸಲು ನಾನೂ ಚಾಚಾನೂ ಹೋದೆವು. ಆಗಲೇ ಒಂದೆರಡು ಮಳೆ ಬಿದ್ದು, ಬಿಸಿಲು ಸ್ವಲ್ಪ ಮೆತ್ತಗಾಗಿತ್ತು. ಚಾಚಾ ಅಳತೆಯ ಯಂತ್ರ ಹಿಡಿದು ಮುಂದೆ ನಡೆದಂತೆ ಜೀಪಿನ ಚಾಲಕ ಸುಣ್ಣ ಹಾಕುತ್ತ ಬಂದ. ಗೆರೆ ವಸ್ತಿಯ ಮೊದಲ ಮನೆಯ ಅಂಗಳಕ್ಕೂ ಖಣಿಯ ಅಂಚಿಗೂ ನಡುವೆ ಹಾದುಹೋಯಿತು. ಅಲ್ಲಿ ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ತೀರಿಹೋದ ಹೆಣ್ಣುಮಗಳ ಗಂಡ ಕೆಲಸ ಬಿಟ್ಟು ಬಂದು ನಮ್ಮ ಹಿಂದೆಯೇ ನಡೆದ.

"ಬೇಲಿ ಇಲ್ಲೇ ಬರ್ತದೇನ್ರಿ?" ಎಂದು ಕೇಳಿದ.

"ಹೌದು. ಇಲ್ಲೇ."

"ಚಲೋ ಆಯ್ತು," ಎಂದ. ನಿಜವಾಗಿ ಸಂತೋಷವಾಗಿತ್ತು ಅವನಿಗೆ. ಆಮೇಲೆ ಸುಣ್ಣದ ಗೆರೆಯುದ್ದಕ್ಕೂ ಆ ಕಡೆ ಈ ಕಡೆ ನೋಡಿ ಕೇಳಿದ: "ಗೇಟ್ ಯಾ ಕಡಿ ಇಡ್ತೀರಿ?"

ಗೇಟಿನ ಜಾಗ ನಾನೇ ಗುರುತು ಮಾಡಿದ್ದೆ. ನೋಡಬೇಕಾದ ಅಗತ್ಯವಿಲ್ಲದಿದ್ದರೂ ನಕ್ಷೆ ಬಿಚ್ಚಿದೆ. ಗೇಟು ಇದ್ದದ್ದು ಆಚೆ ಬದಿಯಲ್ಲಿ, ಘಟಕಗಳ ರಸ್ತೆಗೆ. ಅಲ್ಲಿಂದ ಪೈಪು ಇಳಿಯಬೇಕಿತ್ತು, ಮೋಟಾರು ಕೂರಬೇಕಿತ್ತು. ಈ ಬದಿಯಲ್ಲಿ ಮನುಷ್ಯರು ಬೀಳದಂತೆ ತಡೆಯುವುದಷ್ಟೇ ನನ್ನ ತಲೆಯಲ್ಲಿತ್ತು. ವಸ್ತಿ ಒಳಗಿದ್ದಾಗ ಅದು ಸರಿಯಾಗೇ ಇತ್ತು; ಬೇಲಿಯ ಜೊತೆಗೇ ನಲ್ಲಿ ಬರುತ್ತಿತ್ತು. ಈಗ ವಸ್ತಿಯ ಜೊತೆ ನಲ್ಲಿಯೂ ಗಡಿಯ ಹೊರಗೆ ಹೋಗಿತ್ತು. ಒಳಗೆ ಉಳಿದದ್ದು ಬೇಲಿ ಮಾತ್ರ.

ನಾನು ನಕ್ಷೆ ಸುತ್ತಿದೆ. ಅವನು ಎರಡನೇ ಸಲ ಕೇಳಲಿಲ್ಲ. ಕೊಡ ಇಟ್ಟುಕೊಂಡು ನಿಂತ ಹೆಂಗಸರಲ್ಲಿ ಒಬ್ಬಾಕೆ ಸುಣ್ಣದ ಗೆರೆ ತುಳಿಯದಂತೆ ಸೀರೆ ಎತ್ತಿ ದಾಟಿ, ಎಂದಿನಂತೆ ಇಳಿಜಾರಿನಲ್ಲಿ ಇಳಿದುಹೋದಳು.

ಜೀಪಿನಲ್ಲಿ ಚಾಚಾ ಅಳತೆಯ ಲೆಕ್ಕವನ್ನು ಮತ್ತೊಮ್ಮೆ ನೋಡಿದರು. ಚಿತ್ತಾಪುರ ಹತ್ತಿರ ಬಂದಾಗ, "ಬೇಟಿ, ಅಳತಿ ಬರೋಬ್ಬರಿ ಅದ. ಅಳತಿದಾಗ ತಪ್ಪಿಲ್ಲ," ಎಂದರು. ಅವರು ಸಮಾಧಾನ ಹೇಳುತ್ತಿದ್ದರೋ ಎಚ್ಚರಿಕೆ ಹೇಳುತ್ತಿದ್ದರೋ ನನಗೆ ತಿಳಿಯಲಿಲ್ಲ.

ಮರುದಿನ ಮುಖ್ಯಸ್ಥರಿಗೆ ವಿಷಯ ತಿಳಿಸಿದೆ. ಅವರು ಸಂಘದ ಮುಖಂಡರನ್ನೂ ಪಂಚಾಯತಿ ಅಧ್ಯಕ್ಷೆಯನ್ನೂ ಕರೆಸಿದರು. ಚಿತ್ತಾಪುರದ ಕಚೇರಿಯ ಸಣ್ಣ ಕೋಣೆಯಲ್ಲಿ ನಾವು ನಾಲ್ವರು ಕೂತೆವು. ಮುಖಂಡರು ಕೇಳಿಸಿಕೊಂಡು ತಕ್ಷಣ ಹೇಳಿದರು: "ಹಂಗಿದ್ರ ಬೇಲಿ ತೆಗದುಬಿಡ್ರಿ. ಮಂದಿ ಮೊದಲಿನಂಗ ಇಳೀತಾರ."

"ಇಳೀಲಿಕ್ಕೆ ನೀರು ಎಲ್ಲಿರ್ತದ್ರಿ?" ಎಂದೆ. "ಎಲ್ಲಾ ಘಟಕದ ಮೋಟಾರು ಅಲ್ಲೇ ಕೂಡ್ತಾವ. ಅರ್ಧ ಬ್ಯಾಸಿಗಿಗೇ ತಳ ಕಾಣ್ತದ. ನೀರು ಇಳದಷ್ಟೂ ಆ ಇಳಿಜಾರು ಕುಸೀತದ. ಈಗಿನಕಿಂತ ಹೆಚ್ಚು ಮಂದಿ ಬೀಳ್ತಾರ."

ನಾನು ಎರಡು ದಾರಿ ಮುಂದಿಟ್ಟೆ. ವಸ್ತಿಯನ್ನು ಗಡಿಯೊಳಗೆ ವಾಪಸ್ ತೆಗೆದುಕೊಳ್ಳುವುದು ಒಂದು. ಅದು ಆಗದಿದ್ದರೆ, ವಸ್ತಿಗೆ ನಲ್ಲಿ ಬಂದು ನೀರು ಹರಿದ ಮೇಲೆಯೇ ಬೇಲಿ ಹಾಗೂ ಮೋಟಾರು ಎಂದು ಅಧಿಸೂಚನೆಯಲ್ಲೇ ಷರತ್ತು ಬರೆಯುವುದು.

"ನಲ್ಲಿ ಕೊಡಸ್ತೀನ್ರಿ ನಾ," ಎಂದರು ಮುಖಂಡರು. "ನನ್ನ ಮಾತಿನ ಮ್ಯಾಲ ಭರವಸಿ ಇಲ್ಲೇನು?"

"ಅದ. ಬರೀಲಿಕ್ಕೆ ಏನು ತ್ರಾಸ?"

"ಬರದ್ರ ನನ್ನ ಸಂಘದ ಮಂದಿ ನನಗ ಉಳಿಸೂದಿಲ್ಲ. ಷರತ್ತು ಅಂದ್ರ ನಾಳಿ ಕೋರ್ಟಿಗಿ ಹೋಗ್ತದ. ನಲ್ಲಿ ಒಂದು ದಿನ ಬಂದ್ ಆದ್ರ ನಮ್ಮ ಎಲ್ಲಾರ ಮೋಟಾರು ಬಂದ್. ಅದು ಆಗೂ ಮಾತಲ್ಲ."

ಅಧ್ಯಕ್ಷೆ ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. "ಮೇಡಂ, ವಸ್ತಿ ಮಂದಿ ನಮ್ಮ ಪಂಚಾಯತಿ ಮಂದೀನೇ. ಆಕಿ ಸತ್ತಾಗ ನಾನೂ ಹೋಗಿದ್ದೆ. ಆದ್ರ ನಮ್ಮೂರಾಗ ಎಷ್ಟು ಮನಿ ಅವ, ವಸ್ತ್ಯಾಗ ಎಷ್ಟು ಅವ? ರಸ್ತಾ ಒಂದು ಆಗ್ಲಿ. ಅವರಿಗಿ ಟ್ಯಾಂಕರ್ ನಾ ತಪ್ಪದಂಗ ಕಳಸ್ತೀನಿ. ಸಹಿ ಮಾಡ್ರಿ."

ಟ್ಯಾಂಕರ್ ತಪ್ಪದಂತೆ ಕಳಿಸುವುದು ಅವರ ಕೈಯಲ್ಲಿಲ್ಲ ಎಂದು ಅವರಿಗೂ ಗೊತ್ತಿತ್ತು. ಮುಖ್ಯಸ್ಥರು ನನ್ನನ್ನು ನೋಡಿದರು. ಆಜ್ಞೆ ಮಾಡಲಿಲ್ಲ, ಸಹಿ ನನ್ನದೇ ಆಗಬೇಕಿತ್ತು.

ಆ ಕೋಣೆಯಲ್ಲಿ ನನಗೆ ಧೈರ್ಯವೇನೂ ಬಂದಿರಲಿಲ್ಲ. ರಸ್ತೆ ಬೇಡ ಎನ್ನಲು ನಾನು ಯಾರು ಎಂದು ಅನ್ನಿಸುತ್ತಿತ್ತು. ಆದರೆ ಸಹಿಯ ಮೇಲಿನ ಆ ಸಾಲನ್ನು ಎಷ್ಟು ಸಲ ಓದಿದರೂ ಅದು ಸುಳ್ಳಾಗಿಯೇ ಉಳಿಯಿತು. ಯಾರ ಜೀವನಾವಶ್ಯಕ ಸೌಲಭ್ಯಕ್ಕೂ ಧಕ್ಕೆಯಿಲ್ಲ. ಕೊನೆಗೆ, ಷರತ್ತಿಲ್ಲದೆ ಈ ಗಡಿಯನ್ನು ದೃಢೀಕರಿಸಲಾರೆ ಎಂದು ಬರೆದು ಮುಖ್ಯಸ್ಥರ ಮುಂದಿಟ್ಟೆ. ಮುಖಂಡರು ಎದ್ದು ಕೈಮುಗಿದು ಹೊರಟರು. ಅಧ್ಯಕ್ಷೆ ಮಾತ್ರ ಕೂತೇ ಇದ್ದರು, ಇನ್ನೂ ಏನೋ ನಡೆಯಬಹುದೆಂಬಂತೆ.

ವಸ್ತಿ ಬಿಟ್ಟ ನಕ್ಷೆಗೆ ಒಪ್ಪಿಗೆ ಕೊಟ್ಟಿದ್ದ ಮಾಲೀಕರು ಅದನ್ನು ಒಬ್ಬೊಬ್ಬರೇ ವಾಪಸ್ ತೆಗೆದುಕೊಂಡರು. ಬೇಕಾದಷ್ಟು ಪಾಲು ಉಳಿಯಲಿಲ್ಲ. ಪ್ರಸ್ತಾವ ಬಿದ್ದುಹೋಗಿ, ಇಂಥದ್ದೇ ವಲಯವನ್ನು ಚಿಂಚೋಳಿ ಕಡೆ ಮಾಡಬಹುದೇ ಎಂದು ಕೇಳುವ ಪತ್ರ ನಮ್ಮ ಕಚೇರಿಗೆ ಬಂತು. ನನಗೆ ಯಾರೂ ಶಿಕ್ಷೆ ಕೊಡಲಿಲ್ಲ. ಮುಖ್ಯಸ್ಥರು ಒಮ್ಮೆ ಮಾತ್ರ, "ನೀವು ಬರೆದದ್ದು ಸರಿಯಾಗೇ ಇತ್ತು. ಅದರಿಂದ ಯಾರಿಗೆ ಏನು ಸಿಕ್ತು ಅಂತ ಕೇಳಬೇಡಿ," ಎಂದರು.

ಕೇಳದಿದ್ದರೂ ಗೊತ್ತಾಗುತ್ತಿತ್ತು. ಆ ಮಳೆಗಾಲದಲ್ಲಿ ಹಳ್ಳಿಯ ರಸ್ತೆ ಪೂರ್ತಿ ಕೆಟ್ಟು ಬಸ್ಸು ಬರುವುದನ್ನು ನಿಲ್ಲಿಸಿತು. ಚಿತ್ತಾಪುರಕ್ಕೆ ಕಾಲೇಜಿಗೆ ಬರುತ್ತಿದ್ದ ಹೆಣ್ಣುಮಕ್ಕಳು ಮನೆಯಲ್ಲಿ ಕೂತರು. ಕೆಲವರ ಮದುವೆಯೇ ಆಗಿಹೋಯಿತು. ಇದನ್ನು ನನಗೆ ಹೇಳಿದವರು ಅಧ್ಯಕ್ಷೆ. ಅವರು ತಾಲೂಕು ಕಚೇರಿಯ ವರಾಂಡದಲ್ಲಿ ಸಿಕ್ಕಿದ್ದರು. ಒಂದೊಂದೇ ಹುಡುಗಿಯ ಹೆಸರು ಹೇಳಿದರು. "ನಿಮ್ಮ ಕೈಯಾಗ ಇತ್ತು ಮೇಡಂ," ಎಂದು ಹೇಳಿ ಹೋದರು. ನಾನು ವಾಡಿಯ ಕಡೆಯ ಗಾಡಿ ಬಂದು ಹೋಗುವ ತನಕ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ನಾನು ಹೋಗಬೇಕಾದ ಗಾಡಿ ಅದಾಗಿರಲಿಲ್ಲ.

ಮತ್ತೆ ಆ ಖಣಿಗೆ ಹೋದದ್ದು ಮುಂದಿನ ಬೇಸಿಗೆಯಲ್ಲಿ. ಸರ್ಕಾರಿ ಜಾಗದ ಹಳೆಯ ಖಣಿಯಲ್ಲಿ ಯಾರೋ ಪರವಾನಗಿ ಇಲ್ಲದೆ ಕಲ್ಲು ಕಡಿಯುತ್ತಿದ್ದಾರೆ ಎಂಬ ದೂರು ಬಂದಿತ್ತು. ಸ್ಥಳ ನೋಡಿ ವರದಿ ಕೊಡಲು ನನಗೂ ಚಾಚಾಗೂ ಹೇಳಿದರು. ದೂರು ಕೊಟ್ಟವರು ಯಾರೆಂದು ನಮಗೆ ತಿಳಿಸಲಿಲ್ಲ.

ವಸ್ತಿಯ ಹತ್ತಿರ ಜೀಪು ನಿಂತಾಗ ಆ ಹೆಣ್ಣುಮಗಳ ಗಂಡ ಎದುರಿಗೆ ಬಂದ. ನನ್ನ ಕೈಯಲ್ಲಿದ್ದ ನಕ್ಷೆಯ ಸುರುಳಿ ನೋಡಿ ನಿಂತ.

"ಈ ಸಲನೂ ಗೆರಿ ಹಾಕ್ಲಿಕ್ಕೆ ಬಂದೀರೇನ್ರಿ?"

"ಇಲ್ಲ. ಕಲ್ಲು ಕಡೀಲಿಕತ್ತಾರಂತ ಅರ್ಜಿ ಬಂದದ."

"ಹೌದು ಖರೆ. ಕಡೀಲಿಕತ್ತೀವಿ. ಬರ್ರಿ ತೋರಸ್ತೀನಿ."

ಕುಸಿದ ಕಲ್ಲಿನ ಇಳಿಜಾರು ಅಲ್ಲಿರಲಿಲ್ಲ. ಚೂರುಗಳನ್ನೆಲ್ಲ ಬದಿಗೆ ಸರಿಸಿ, ಖಣಿಯ ಗೋಡೆಯ ಗಟ್ಟಿ ಕಲ್ಲಿನಲ್ಲೇ ಮೆಟ್ಟಿಲು, ಅವರ ಮಾತಿನಲ್ಲಿ ಪಾವಟಿಗಿ, ಕಡಿದಿದ್ದರು. ಒಬ್ಬರು ಇಳಿಯುವಾಗ ಇನ್ನೊಬ್ಬರು ಏರುವಷ್ಟು ಅಗಲ. ಗೋಡೆಗೆ ಕಬ್ಬಿಣದ ಗೂಟ ಬಡಿದು ಲಾರಿಯ ಹಗ್ಗ ಕಟ್ಟಿದ್ದರು. ಕೆಲಸವಿಲ್ಲದ ದಿನಗಳಲ್ಲಿ ವಸ್ತಿಯವರೆಲ್ಲ ಸೇರಿ ಮಾಡಿದ್ದು.

"ಮೊದಲೇ ಯಾಕ ಮಾಡ್ಲಿಲ್ಲ?" ಎಂದು ಚಾಚಾ ಕೇಳಿದರು. ಕೇಳಬಾರದಿತ್ತು ಎಂದು ಅವರಿಗೆ ಕೂಡಲೇ ಅನ್ನಿಸಿರಬೇಕು, ತಲೆ ತಗ್ಗಿಸಿದರು.

ಅವನು ಬೇಸರ ಮಾಡಿಕೊಳ್ಳಲಿಲ್ಲ. "ನಲ್ಲಿ ಬರ್ತದ, ನಲ್ಲಿ ಬರ್ತದ ಅಂತಿದ್ರಲ್ರಿ ಎಲ್ಲಾರೂ. ಇನ್ನೇನು ಬಂದೇ ಬರ್ತದ ಅಂತ ಕುಂತಿದ್ವಿ. ಹ್ವಾದ ವರ್ಷ ನಿಮ್ಮ ಕೆಲಸ ಬಿದ್ದುಹ್ವಾದಮ್ಯಾಲ ಇನ್ನ ಯಾರೂ ಬರೂದಿಲ್ಲ ಅಂತ ಖಾತ್ರಿ ಆಯ್ತು."

ಹಗ್ಗ ಹಿಡಿದು ನಾನೂ ಇಳಿದೆ. ಕೆಳಗೆ ಇಬ್ಬರು ಹೆಂಗಸರು ಕೊಡ ತುಂಬುತ್ತಿದ್ದರು. ಕೊನೆಯ ಮೆಟ್ಟಿಲ ಮೇಲೆ ಉಳಿಯ ಗುರುತು ಹೊಸದಾಗಿತ್ತು, ಮೂಲೆಯಲ್ಲಿ ಕಲ್ಲಿನ ಪುಡಿ ಇನ್ನೂ ಬಿಳಿಯಾಗಿ ಬಿದ್ದಿತ್ತು. ಅದರ ಕೆಳಗೆ ನೀರಿನ ತನಕ ಮತ್ತೆ ಒಂದು ಮೊಳದಷ್ಟು ಬರಿ ಗೋಡೆ. ಹೆಂಗಸರು ಮೆಟ್ಟಿಲ ಮೇಲೆ ಬೋರಲು ಮಲಗಿ, ಕೈ ಚಾಚಿ ಕೊಡ ಮುಳುಗಿಸುತ್ತಿದ್ದರು. ಒಬ್ಬಾಕೆಯ ಕಾಲನ್ನು ಇನ್ನೊಬ್ಬಾಕೆ ಒತ್ತಿ ಹಿಡಿದಿದ್ದಳು.

"ಅರ್ಜಿ ಬಂದದ ಅಂದ್ರಲ್ರಿ," ಎಂದ ಅವನು ನನ್ನ ಹಿಂದಿನಿಂದ. "ಬಂದ್ ಮಾಡಸ್ತಾರೇನು?"

ನನಗೆ ಗೊತ್ತಿಲ್ಲ ಎಂದೆ. ಕಡಿದ ಕಲ್ಲನ್ನು ಯಾರೂ ಮಾರಿಲ್ಲ, ಇದು ಕುಡಿಯುವ ನೀರಿಗೆ ಇಳಿಯುವ ದಾರಿ, ಮುಚ್ಚಿದರೆ ಜೀವ ಹೋಗುತ್ತದೆ ಎಂದು ಬರೆಯುತ್ತೇನೆ ಎಂದೆ. ಹಾಗೇ ಬರೆದೆ. ಆ ವರದಿಯ ಮೇಲೆ ಏನು ತೀರ್ಮಾನವಾಯಿತೋ ನನಗೆ ಇನ್ನೂ ತಿಳಿದುಬಂದಿಲ್ಲ.

ನನ್ನ ಮಾತಿಗೆ ಅವನು ತಲೆಯಾಡಿಸಿ, ನನ್ನನ್ನು ದಾಟಿ ಕೆಳಗೆ ಹೋಗಿ ನೀರಿನ ಮಟ್ಟ ನೋಡಿದ.

"ಬಂದ್ ಮಾಡ್ಸೂದಿದ್ರ ಮಳಿ ಬರೂತನಕ ತಡೀಲಿಕ್ಕೆ ಹೇಳ್ರಿ ಮೇಡಂ," ಎಂದ. "ನೀರು ಇಳದಂಗ ಇಳದಂಗ ನಾವೂ ಒಂದೊಂದು ಪಾವಟಿಗಿ ಕಡಕೋತ ಹೊಂಟೀವಿ. ಇನ್ನೂ ಭಾಳ ಇಳೀತದ ಇದು."